ಜೋಡಿ ಸೀಟು

ಬಸ್ಸಿನ ಬಾಡಿ ಕಟ್ಟುವ ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಸೀಟಕ್ಕ ಎಂದೇ ಕರೆಯುತ್ತಿದ್ದರು. ರೆಕ್ಸಿನ್ ಕತ್ತರಿಸಿ, ಸ್ಪಂಜಿನ ಮೇಲೆ ಬಿಗಿಯಾಗಿ ಎಳೆದು, ಅಂಚು ಮಡಚಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳು ಹೊಲಿದ ಸೀಟು ಹರಿಯಬೇಕಾದರೆ ಯಾರೋ ಪುಣ್ಯಾತ್ಮರು ಬ್ಲೇಡು ಹಾಕಬೇಕು, ತಾನಾಗಿ ಹರಿಯುವ ಮಾತೇ ಇಲ್ಲ. ಆದರೆ ಇಬ್ಬರು ಕೂರುವ ಸೀಟು ಕೈಗೆ ಬಂದಾಗಲೆಲ್ಲ ಅವಳ ಗೊಣಗಾಟ ಶುರುವಾಗುತ್ತಿತ್ತು. ಊರ ಗಂಡಹೆಂಡಿರಿಗೆಲ್ಲ ಜೋಡಿ ಸೀಟು ಹೊಲಿದದ್ದಾಯಿತು, ತನಗೆ ಮಾತ್ರ ಅದರಲ್ಲಿ ಕೂರುವ ಯೋಗ ಬರಲಿಲ್ಲ ಎಂದು ಮೆಷಿನ್ನಿಗೇ ಹೇಳಿಕೊಳ್ಳುತ್ತಿದ್ದಳು.

ಕಾರಣ ಅವಳ ಗಂಡ. ಅವನು ಟೂರಿಸ್ಟ್ ಬಸ್ಸಿನ ಡ್ರೈವರು. ಅವರ ಮದುವೆಯ ದಿನ ದಿಬ್ಬಣದ ಬಸ್ಸಿಗೆ ಬರಬೇಕಾಗಿದ್ದ ಡ್ರೈವರು ಕೈಕೊಟ್ಟ. ನೆಂಟರೆಲ್ಲ ತಲೆ ಮೇಲೆ ಕೈ ಹೊತ್ತು ನಿಂತಾಗ ಮದುಮಗನೇ ಹೊಸ ಬಟ್ಟೆಯ ತೋಳು ಮಡಚಿ ಸ್ಟೀರಿಂಗ್ ಹಿಡಿದ. ಮದುಮಗಳು ಮೂರನೇ ಸಾಲಿನಲ್ಲಿ ಸೋದರತ್ತೆಯ ಪಕ್ಕ ಕೂತು, ಗಂಡನ ಬೆನ್ನು ನೋಡುತ್ತ ಗಂಡನ ಮನೆಗೆ ಬಂದಳು. ಅಂದಿನಿಂದ ಎಲ್ಲಿಗೆ ಹೋದರೂ ಇದೇ ಕಥೆ. ಅವನ ಮುಖಕ್ಕಿಂತ ಎಡಗಿವಿಯ ಹಿಂದಿನ ಮಚ್ಚೆಯೇ ಅವಳಿಗೆ ಹೆಚ್ಚು ಪರಿಚಯ. ಜತೆಗೆ ಇನ್ನೊಂದು ತೊಂದರೆ, ಬಸ್ಸು ಹತ್ತಿ ದೂರ ಹೋದರೆ ಅವಳಿಗೆ ಆಗಾಗ ಕೆಮ್ಮು. ಧೂಳು ಆಗಿಬರುವುದಿಲ್ಲ ಎಂದುಕೊಂಡ ಗಂಡ ತನ್ನ ಸೀಟಿನ ಪಕ್ಕದಲ್ಲಿ ಯಾವಾಗಲೂ ಒಂದು ಬಾಟಲಿ ಕೆಮ್ಮಿನ ಔಷಧಿ ಇಟ್ಟಿರುತ್ತಿದ್ದ.

ಬೇರೆಯವರ ಗಾಡಿಯಲ್ಲಾದರೂ ಪಕ್ಕದಲ್ಲಿ ಕೂರುತ್ತಾನೆಯೇ ಎಂದರೆ, ಅದೂ ಇಲ್ಲ. ಕಾರಿನಲ್ಲಿ ಮುಂದಿನ ಸೀಟೇ ಬೇಕು. ಕೂತರೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ನಾದಿನಿಯ ಮಕ್ಕಳು ಅದಕ್ಕೇ ಅವನಿಗೆ ಬ್ರೇಕ್ ಮಾಮ ಎಂದು ಹೆಸರಿಟ್ಟಿದ್ದರು. ರೈಲಿನಲ್ಲಿ ಹೋದರೆ ಸ್ಟೇಷನ್ ಬಂದಾಗಲೆಲ್ಲ ಇಳಿದು ಎಂಜಿನ್ ಕಡೆ ಓಡುತ್ತಿದ್ದ. ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಇನ್ನು ಕೂರುತ್ತಾನೆ ಎಂದು ಸೀಟಕ್ಕ ಆಸೆಪಟ್ಟಳು. ಆ ವರ್ಷವೇ ನೆಂಟರ ಜತೆ ಹೋದ ಪ್ರವಾಸದಲ್ಲಿ ಡ್ರೈವರು ಒಂದು ಸಲ ಆಕಳಿಸಿದ್ದೇ ತಡ, ಇವನು ಅವನನ್ನು ಎಬ್ಬಿಸಿ ತಾನು ಕೂತ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ಸುಳ್ಳಲ್ಲ.

ಮನೆಗೆ ಬಂದವಳೇ ಅವಳು ತೀರ್ಮಾನ ಮಾಡಿಬಿಟ್ಟಳು. "ನಿಮಗೆ ಓಡಿಸೋಕಾಗದ ಗಾಡಿ ಇನ್ನೊಂದೇ ಉಳಿದಿರೋದು," ಎಂದಳು ಗಂಡನಿಗೆ. "ಹಡಗು. ಅದರಲ್ಲಿ ಹೋಗೋಣ. ಒಂದು ಸಂಜೆ, ಸೂರ್ಯ ಮುಳುಗೋವರೆಗೂ, ನನ್ನ ಪಕ್ಕ ಕೂರಬೇಕು. ನಾನು ಬೇರೆ ಏನೂ ಕೇಳಲ್ಲ."

ತಂಗಿ ಬುದ್ಧಿ ಹೇಳಿದಳು. ಕೆರೆಯ ದೋಣಿ ಹತ್ತಿದವಳಲ್ಲ, ಈ ವಯಸ್ಸಿನಲ್ಲಿ ಸಮುದ್ರದ ಮೇಲೆ ಏನು ಹುಡುಗಾಟ ಎಂದಳು. ಸೀಟಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಟ ಹಿಡಿದರೆ ಬಿಡುವ ಜಾತಿಯಲ್ಲ ಅವಳದು. ದಪ್ಪ ರೆಕ್ಸಿನ್ನಿನಲ್ಲಿ ಸೂಜಿ ಮುರಿದರೆ ಸೂಜಿ ಬದಲಾಯಿಸುತ್ತಿದ್ದಳೇ ಹೊರತು ರೆಕ್ಸಿನ್ ಬದಲಾಯಿಸಿದವಳಲ್ಲ.

ಹಡಗು ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಕೋಣೆ ಚಿಕ್ಕದಿತ್ತು. ನೆಲಕ್ಕೆ ಬಿಗಿದ ಎರಡು ಮಂಚ, ಒಂದು ದುಂಡು ಕಿಟಕಿ. ಅವಳು ಸೀದಾ ಮೇಲಿನ ಮಹಡಿಗೆ ಹೋಗಿ, ಸಮುದ್ರದ ಕಡೆ ಮುಖ ಮಾಡಿದ್ದ ಒಂದು ಜೋಡಿ ಸೀಟನ್ನು ಆರಿಸಿದಳು. ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪರವಾಗಿಲ್ಲ, ಆದರೆ ಅಂಚಿನಲ್ಲಿ ಸೋಮಾರಿತನ ಮಾಡಿದ್ದಾರೆ ಎಂದಳು. ಆಮೇಲೆ ಬಸ್ಸಿನಲ್ಲಿ ಮಾಡುವ ಹಾಗೆ ಪಕ್ಕದ ಜಾಗಕ್ಕೆ ಕರ್ಚೀಫು ಹಾಸಿ ಗಂಡನಿಗೆ ಕಾದಳು.

ಗಂಡ ಒಂದು ನಿಮಿಷ ಎಂದು ಹೋದವನು ದಡ ಕಣ್ಮರೆಯಾದರೂ ಬರಲಿಲ್ಲ. ಹುಡುಕಿಕೊಂಡು ಇಳಿದರೆ, ಜನ ಹತ್ತಿಬಂದ ಬಾಗಿಲ ಹತ್ತಿರ ನಿಂತಿದ್ದಾನೆ. ತಲೆ ಎಣಿಸದೆ ಅವನು ಯಾವತ್ತೂ ಗಾಡಿ ಎತ್ತಿದವನಲ್ಲ, ಇಲ್ಲೂ ಎಣಿಸಲು ಹೋಗಿ ಲೆಕ್ಕ ತಪ್ಪಿಸಿಕೊಂಡಿದ್ದ. ಲೆಕ್ಕ ಮೆಷಿನ್ನೇ ಇಡುತ್ತದೆ ಎಂದು ಬಿಳಿ ಸಮವಸ್ತ್ರದ ಹುಡುಗಿ ತಿಳಿಸಿ ಹೇಳುತ್ತಿದ್ದಳು. ಅರ್ಧ ಮನಸ್ಸಿನಲ್ಲಿ ಹತ್ತಿದವರು ಯಾರು ಎಂದು ಮೆಷಿನ್ನಿಗೆ ಗೊತ್ತಾಗುತ್ತದೆಯೇ ಎಂಬುದು ಇವನ ಪ್ರಶ್ನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡು ಅವಳು ಕರ್ಚೀಫು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

ಮಾರನೆಯ ದಿನ ಅವನು ಎಂಜಿನ್ ಕೋಣೆಯ ಬಾಗಿಲು ಕಾದ. ಅದರ ಮಾರನೆಯ ದಿನ ಸಮುದ್ರ ಎದ್ದಿತು. ಸೀಟಕ್ಕನ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು, ಮಂಚ ಬಿಟ್ಟು ಏಳಲಾಗಲಿಲ್ಲ. ಗಂಡ ನೀರು ಕುಡಿಸಿ, ಹಣೆ ಒರೆಸಿ, ಅವಳಿಗೆ ಜೋಂಪು ಹತ್ತಿದ ಮೇಲೆ ಮತ್ತೆ ಮಾಯವಾದ. ಕೋಣೆ ಗುಡಿಸುವವಳು ಬಂದು, ಈ ದಿನ ಮಲಗಿಯೇ ಇರಿ, ನಾಳೆ ಬೆಳಿಗ್ಗೆ ಹೇಗೂ ದಡ ಸೇರುತ್ತೇವೆ ಎಂದು ಸಮಾಧಾನ ಹೇಳಿದಳು. ಸೀಟಕ್ಕ ಎದ್ದು ಕೂತಳು. ಹಾಗಾದರೆ ಉಳಿದಿರುವುದು ಈ ಸಂಜೆ ಮಾತ್ರ. ಇದೂ ಹೋದರೆ ಜೀವಮಾನದಲ್ಲಿ ಇನ್ನಿಲ್ಲ. ಅವಳು ಮುಖ ತೊಳೆದು, ತಲೆ ಬಾಚಿ, ಗೋಡೆಯ ಕಂಬಿ ಹಿಡಿದು ಹೊರಟಳು. ಮೆಟ್ಟಿಲು ಕಾಲ ಕೆಳಗೆ ಏಳುತ್ತಿತ್ತು, ಇಳಿಯುತ್ತಿತ್ತು. ಎರಡು ಕಡೆ ಕೂತು ಸುಧಾರಿಸಿಕೊಂಡಳು, ವಾಪಸ್ಸು ಮಾತ್ರ ಹೋಗಲಿಲ್ಲ.

ಅವನು ಮೇಲಿನ ಮಹಡಿಯ ಮುಂತುದಿಯಲ್ಲಿ ಕಂಬಿಯನ್ನು ಸ್ಟೀರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮುಂದಿನ ನೀರನ್ನೇ ದಿಟ್ಟಿಸುತ್ತ ನಿಂತಿದ್ದ. ಮತ್ತೆ ಅದೇ ಬೆನ್ನು, ಅದೇ ಮಚ್ಚೆ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ರೀ, ಈ ಗಾಡಿಗೆ ಡ್ರೈವರ್ ಇದ್ದಾನೆ. ಬನ್ನಿ, ಕೂತ್ಕೊಳ್ಳಿ."

ಅವನು ತಿರುಗಲಿಲ್ಲ. "ಕೂತ್ರೆ ಭಯ ಆಗುತ್ತೆ ಕಣೇ," ಎಂದ. ಆ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. "ನಾನು ಎಚ್ಚರ ಇದ್ದೀನಿ ಅಂತ ತಾನೇ ಹಿಂದೆ ಕೂತೋರೆಲ್ಲ ನಿದ್ದೆ ಮಾಡ್ತಿದ್ದಿದ್ದು? ನೀನೂ ಮಾಡ್ತಿದ್ದೆ. ನಾನೂ ಆರಾಮಾಗಿ ಕೂತುಬಿಟ್ರೆ ಎಚ್ಚರ ಇರೋರು ಯಾರು?"

"ನಾನು ನಿದ್ದೆ ಮಾಡ್ತಿದ್ದೆ ಅಂತ ಯಾರು ಹೇಳಿದ್ರು ನಿಮಗೆ?" ಎಂದಳು ಅವಳು. "ಮದುವೆ ದಿನದಿಂದ ನಿಮ್ಮ ಬೆನ್ನ ಹಿಂದೆ ಕಣ್ಣು ಬಿಟ್ಕೊಂಡೇ ಕೂತಿದ್ದೀನಿ. ನಿಮ್ಮ ತಲೆ ಒಂಚೂರು ವಾಲಿದ್ರೆ ಸಾಕು, ಕೆಮ್ತಿದ್ದೆ."

ಅವನು ಈಗ ತಿರುಗಿದ. ಬಾಟಲಿಗಟ್ಟಲೆ ತಂದ ಔಷಧಿಯೆಲ್ಲ ನೆನಪಾಗಿರಬೇಕು, ಅವಳ ಮುಖವನ್ನೇ ನೋಡಿದ. "ಧೂಳಿಗೆ ಅಂದ್ಕೊಂಡಿದ್ದೆ," ಎಂದ.

"ಧೂಳೂ ಇಲ್ಲ, ಮಣ್ಣೂ ಇಲ್ಲ. ಇವತ್ತೂ ನಾನು ಎಚ್ಚರ ಇರ್ತೀನಿ. ಬನ್ನಿ."

ಅವನು ಬಂದ. ಅವಳು ಸೊಂಟದಿಂದ ಕರ್ಚೀಫು ತೆಗೆದು, ಜೋಡಿ ಸೀಟಿನ ತೇವ ಒರೆಸಿ, ಅವನನ್ನು ಕೂರಿಸಿ ಪಕ್ಕದಲ್ಲಿ ಕೂತಳು. ಅಲೆ ಎದ್ದಾಗಲೆಲ್ಲ ಅವನ ಬಲಗಾಲು ನೆಲ ಒತ್ತುತ್ತಿತ್ತು. ಅವಳು ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಸಮುದ್ರ ನಿಧಾನವಾಗಿ ಇಳಿಯಿತು. ಕಾಲು ಒತ್ತುವುದು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಸೂರ್ಯ ನೀರಿಗೆ ತಾಗುವ ಹೊತ್ತಿಗೆ, ನೋಡಿ ನೋಡಿ ಎಂದು ಅವಳು ತಿರುಗಿದರೆ, ಅವನು ಅವಳ ಹೆಗಲ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು ನಿದ್ದೆಹೋಗಿದ್ದ. ಓಡುವ ಗಾಡಿಯಲ್ಲಿ ಅವನು ನಿದ್ದೆ ಮಾಡಿದ್ದನ್ನು ಅವಳು ಕಂಡದ್ದೇ ಇಲ್ಲ.

ಸೂರ್ಯನನ್ನು ಅವಳೊಬ್ಬಳೇ ಮುಳುಗಿಸಬೇಕಾಯಿತು. ಬೇಸರವಾಗಲಿಲ್ಲ. ತಣ್ಣನೆಯ ಗಾಳಿ ಬೀಸಿ ಅವಳ ಗಂಟಲು ಕೆರೆಯಿತು. ಈ ಸಲ ನಿಜವಾದ ಕೆಮ್ಮೇ ಬಂತು. ಅವಳು ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬಂದರೂ, ಹೆಗಲು ಅಲುಗಿಸದೆ ಅದನ್ನು ನುಂಗಿಕೊಂಡಳು.