ಹಳೆಯ ಪೆಟ್ಟಿಗೆಗೆ ಹೊಸ ಡಿಸ್ಕು

ನನ್ನ ಗಂಡ ಕಾಲುವೆ ಕಚೇರಿಯಲ್ಲಿದ್ದರು. ಸುರಪುರದ ಕಡೆಯ ಹೊಲಗಳಿಗೆ ನೀರು ಯಾವಾಗ ಬಿಡುತ್ತಾರೆ, ಯಾವ ತೂಬು ಮುಚ್ಚುತ್ತಾರೆ ಎಂದು ರೈತರಿಗೆ ಹೇಳುವ ಕೆಲಸ ಬಹುಪಾಲು ಅವರದೇ. ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಂಡೆಯಲ್ಲಿ ಭತ್ತ ನಾಟಿ ಮಾಡುವವರು ತಲೆಯೆತ್ತಿ ನೋಡುತ್ತಿದ್ದರು. ಮನೆಯಲ್ಲೂ ಅದೇ ಗಂಟಲು. ನಾನು ಗೋಗಿಯ ಶಾಲೆಯಲ್ಲಿ ಪಾಠ ಮುಗಿಸಿ ಶಹಾಪುರಕ್ಕೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ಬಸ್ಸು ಯಾಕೆ ತಡವಾಯಿತು ಎಂಬ ಅವರ ಪ್ರಶ್ನೆ ಹೊಸ್ತಿಲು ದಾಟಿ ಬರುತ್ತಿತ್ತು.

ನಿವೃತ್ತರಾದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಆದರೆ ಬಲಗೈ ಸೋತಿತು, ನಾಲಿಗೆ ತೊಡರಿತು. ಮಾತೆಲ್ಲ ತಲೆಯೊಳಗೆ ನೆಟ್ಟಗೇ ಇದೆ, ನಾಲಿಗೆ ಕೇಳುತ್ತಿಲ್ಲ ಅಷ್ಟೇ, ದಿನಾ ಅಭ್ಯಾಸ ಮಾಡಿಸಿ ಎಂದು ಯಾದಗಿರಿಯ ಡಾಕ್ಟರು ಧೈರ್ಯ ಹೇಳಿದರು. ಗಂಡ ಹೇಳುವುದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ಒಂದೆರಡು ಸಲ ಹೇಳಿ ನೋಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಮೊಬೈಲಿನಲ್ಲಿ ಬರೆಯಿರಿ ಎಂದು ಕೊಟ್ಟೆ. ರೂಢಿಯಿಲ್ಲದ ಎಡಗೈ ಬೆರಳು ಬೇಡದ ಅಕ್ಷರಗಳನ್ನೆಲ್ಲ ಮುಟ್ಟುತ್ತಿತ್ತು.

ಆಗ ನೆನಪಾದದ್ದು ಮೂಲೆಯಲ್ಲಿದ್ದ ಕಂಪ್ಯೂಟರು. ಮಗಳ ಓದಿಗೆಂದು ತಂದಿದ್ದೆವು. ಅವಳು ಮದುವೆಯಾಗಿ ರಾಯಚೂರಿಗೆ ಹೋದ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದೆ. ಅದರ ಕೀಲಿಗಳು ದೊಡ್ಡವು, ಬೆರಳೂರಲು ಜಾಗವಿತ್ತು. ಕಚೇರಿಯಲ್ಲಿ ಟೈಪು ಮಾಡಿ ಅವರಿಗೆ ರೂಢಿಯೂ ಇತ್ತು. ಆದರೆ ಗುಂಡಿ ಒತ್ತಿ ನಾನು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಮುಗಿಸಿದರೂ ಪರದೆ ಪೂರ್ತಿ ತೆರೆಯುತ್ತಿರಲಿಲ್ಲ. ಒಳಗಿನ ಹಾರ್ಡ್ ಡಿಸ್ಕು ಕಟಕಟ ಎನ್ನುತ್ತಿತ್ತು. ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ಮೂಡುತ್ತಿತ್ತು. ಅವರು ಮೇಜು ಗುದ್ದಿ ಎದ್ದುಹೋಗುತ್ತಿದ್ದರು.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರಿಗೆ ಇದನ್ನೆಲ್ಲ ವಿವರಿಸಿದೆ. ತಿರುಗುವ ಹಳೆಯ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಎಂಬ ತಿರುಗದ, ವೇಗದ ಡಿಸ್ಕು ಹಾಕಿದರೆ ಇನ್ನೂ ಕೆಲವು ವರ್ಷ ಓಡುತ್ತದೆ, ಕಂಪ್ಯೂಟರಿನ ಡಬ್ಬಿ ತಂದು ಬಿಟ್ಟುಹೋಗಿ ಎಂದರು. ಆಟೊ ಕರೆದುಕೊಂಡು ಬಂದೆ. ಮನೆಯಲ್ಲಿ ನನ್ನ ಗಂಡ ಡಬ್ಬಿಯ ಮೇಲೆ ಎಡಗೈ ಇಟ್ಟು ಕುಳಿತವರು ಏಳಲೇ ಇಲ್ಲ. ಆ ಕೈ ಎತ್ತಿ ಸರಿಸುವ ಮನಸ್ಸು ನನಗೂ ಬರಲಿಲ್ಲ. ಆಟೊ ಕಳಿಸಿ, ಡಿಸ್ಕೊಂದನ್ನೇ ಕೊಂಡು ತಂದು ನಾದಿನಿಗೆ ಫೋನು ಮಾಡಿದೆ. ಅವಳು ಯಾದಗಿರಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ.

ಭಾನುವಾರ ಬೆಳಿಗ್ಗೆ ಅವಳು ಸ್ಕ್ರೂಡ್ರೈವರು, ಪೆನ್‌ಡ್ರೈವು ಹಿಡಿದು ಬಸ್ಸಿಳಿದು ಬಂದಳು. ಡಬ್ಬಿ ಬಿಚ್ಚಿದರೆ ಒಳಗೆ ಅಂಗೈ ತುಂಬ ಧೂಳು. ಹೊಸ ಡಿಸ್ಕು ಇಸ್ಪೀಟಿನ ಕಟ್ಟಿಗಿಂತ ತೆಳ್ಳಗಿತ್ತು. ಇದರೊಳಗೆ ಮನೆಯ ಫೋಟೊಗಳೆಲ್ಲ ಹಿಡಿಯುತ್ತವೆ ಎಂದರೆ ನನಗೆ ನಂಬಿಕೆ ಬರಲಿಲ್ಲ. ಹಳೆಯದರಲ್ಲಿದ್ದದ್ದನ್ನು ಇದ್ದ ಹಾಗೆಯೇ ಹೊಸದಕ್ಕೆ ಇಳಿಸುವುದು ನಾದಿನಿಯ ಯೋಚನೆ. ಅರ್ಧಕ್ಕೆ ಎಲ್ಲವೂ ನಿಂತಿತು. ಕಟಕಟ ಸದ್ದು ಜೋರಾಯಿತು. ಸ್ಕ್ಯಾನ್ ಮಾಡಿಸಿ ತುಂಬಿದ್ದ ಮಗಳ ಬಾಲ್ಯದ ಫೋಟೊಗಳು ಅದೊಂದರಲ್ಲೇ ಉಳಿದಿದ್ದವು.

ಮಂಚದ ಮೇಲಿದ್ದ ಅವರು ಏನೋ ಅಂದರು. ಇಬ್ಬರಿಗೂ ತಿಳಿಯಲಿಲ್ಲ. ಎದ್ದು ಬಂದು ಹಳೆಯ ಡಿಸ್ಕಿನ ಮೇಲೆ ಬೆರಳಿಟ್ಟರು, ಆಮೇಲೆ ಟೇಬಲ್ ಫ್ಯಾನಿನ ಕಡೆ ತೋರಿಸಿದರು. ನಾದಿನಿಯೂ ಮುಟ್ಟಿ ನೋಡಿ ಕೈ ಹಿಂದೆ ತೆಗೆದಳು.

“ಅಣ್ಣ ಹೇಳೂದು ಖರೆ ಅದರಿ ವೈನಿ. ಇದು ಸುಡಾಕತ್ತದ. ಸ್ವಲ್ಪ ಆರ್ಲಿ.”

ಫ್ಯಾನು ಹಚ್ಚಿಟ್ಟು ಊಟಕ್ಕೆ ಕುಳಿತೆವು. ಡಿಸ್ಕು ಆರಿದ ಮೇಲೆ ನಾದಿನಿ ಯೋಚನೆ ಬದಲಿಸಿದಳು. ಹೊಸದರಲ್ಲಿ ಎಲ್ಲವನ್ನೂ ಹೊಸದಾಗಿಯೇ ತುಂಬಿ, ಹಳೆಯದನ್ನು ಪಕ್ಕಕ್ಕೆ ಜೋಡಿಸಿ, ಫೋಟೊಗಳನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಎತ್ತಿಕೊಂಡಳು. ಸದ್ದು ಹೆಚ್ಚಾದಾಗ ಅವರು ಕೈ ಎತ್ತುತ್ತಿದ್ದರು, ಅವಳು ನಿಲ್ಲಿಸುತ್ತಿದ್ದಳು. ಮಗಳ ಕಾಲೇಜಿನ ದಿನಗಳ ಕೆಲವು ಫೋಟೊ ಬರಲೇ ಇಲ್ಲ. ತೊಟ್ಟಿಲಿನವು, ಶಾಲೆಯವು ಬಂದವು.

ಸಂಜೆ ಎಲ್ಲ ಮುಗಿಸಿ ಗುಂಡಿ ಒತ್ತಿದಳು. ನಾನು ರೂಢಿಯಂತೆ ಚಹಾ ಇಡಲು ಒಳಗೆ ಹೊರಟೆ.

“ಎಲ್ಲಿ ಹೊಂಟ್ರಿ ವೈನಿ? ಚಾಲೂ ಆಗ್ಯಾದ ನೋಡ್ರಿ.”

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಒತ್ತಿದ್ದೆಲ್ಲ ಆಗಲೇ ಮೂಡಿತು. ನಾದಿನಿ ಓದಿದಳು: “ಬದನಿಕಾಯಿ ಪಲ್ಯಾ ಸಾಕು. ಬ್ಯಾಸರ ಆಗ್ಯಾದ.”

ಮೆತ್ತಗಿನದು ಕೊಡಿ ಎಂದು ಡಾಕ್ಟರೇ ಹೇಳಿದ್ದಾರೆ, ಅದಕ್ಕೇ ಮಾಡುತ್ತಿದ್ದೇನೆ ಎಂದೆ. ಅವರು ಮತ್ತೆ ಕೀಲಿಗೆ ಬಾಗಿದರು. “ಹೀರಿಕಾಯಿನೂ ಮೆತ್ತಗ ಇರ್ತದ.” ಸಂತೆಯಲ್ಲಿ ಒಳ್ಳೆಯ ಹೀರೇಕಾಯಿ ಎಲ್ಲಿ ಬರುತ್ತಿದೆ ಎಂದು ನಾನು ದನಿ ಏರಿಸಿದೆ. ನೀನು ಸರಿಯಾಗಿ ಹುಡುಕುವುದಿಲ್ಲ ಎಂದು ಅವರು ಬರೆದರು. ಲಕ್ವ ಹೊಡೆದ ಮೇಲೆ ನಾವಿಬ್ಬರು ಆಡಿದ ಮೊದಲ ಜಗಳ ಅದು. ನಾದಿನಿ ನಗುತ್ತ ಡಬ್ಬಿಯ ಮುಚ್ಚಳದ ಸ್ಕ್ರೂ ಬಿಗಿಯುತ್ತಿದ್ದಳು. ನನಗೆ ಕಣ್ಣು ತುಂಬಿ ಬಂದರೂ ಜಗಳ ಬಿಡಲಿಲ್ಲ.

ಅಂದಿನಿಂದ ದಿನಾ ಕುಳಿತರು. ಒಂದು ಸಾಲು ಬರೆಯುವುದು, ಅದನ್ನೇ ಬಾಯಿಬಿಟ್ಟು ಓದುವುದು. ಅಕ್ಷರ ಎದುರಿಗೆ ಇದ್ದುದರಿಂದ ತೊಡರಿದ ಸದ್ದು ಯಾವ ಮಾತೆಂದು ನನಗೆ ತಿಳಿಯುತ್ತ ಹೋಯಿತು. ಅವರ ನಾಲಿಗೆಯೂ ನಿಧಾನವಾಗಿ ಸಡಿಲಾಯಿತು.

ಚಳಿ ಶುರುವಾದಾಗ ಒಂದು ದಿನ ಮಗಳ ಫೋನು ಬಂತು. ಅವರು ನನ್ನ ಕೈಯಿಂದ ಫೋನು ಇಸಿದುಕೊಂಡು, ಪರದೆಯ ಮೇಲೆ ಬರೆದಿದ್ದ ಸಾಲನ್ನು ತಡೆತಡೆದು ಓದಿದರು. ಆಚೆ ಕಡೆಯಿಂದ ಮಗಳು, “ನಂದು ಊಟ ಆತಪ್ಪಾ, ನಿಂದು?” ಅಂದಳು.

ಅವರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಹಿಡಿದು ಮುಂದಿನ ಸಾಲು ಬರೆಯತೊಡಗಿದರು.