ಆರು ಕುರ್ಚಿ, ಒಂದು ಗೋಡೆ

ಹಳೇಬೀಡಿನ ಬೋರ್ಡು ಮರಿಯಣ್ಣನ ಬೆರಳ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ ಇರುತ್ತಿತ್ತು, ಕಣ್ಣಲ್ಲಿ ಯಾವಾಗಲೂ ಒಂದಿಷ್ಟು ಮಂಪರು. ಎಚ್ಚರವಾಗಿದ್ದುಕೊಂಡೇ ಕನಸು ಕಾಣುವ ಆಸಾಮಿ. ಹೋಟೆಲಿನ ಬೋರ್ಡು, ಲಾರಿಯ ಹಿಂಭಾಗದ ಗಿಳಿ, ಗಂಡಸಿ ಊರಿನವರೆಗಿನ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಎಲ್ಲ ಅವನದೇ ಕೈ. ಒಮ್ಮೆ ಗೆಂಡೆಹಳ್ಳಿ ರಸ್ತೆಯ ಕಲ್ಲುಗಳಿಗೆ ಅಂಕಿ ಬರೆಯಲು ಹೋದವನು ಕೆರೆಯಲ್ಲಿ ಮೋಡ ತೇಲುವುದನ್ನು ನೋಡುತ್ತ ನಿಂತು, ಒಂಬತ್ತು ಬರೆಯಬೇಕಾದಲ್ಲಿ ಆರು ಬರೆದು ಬಂದ. ಮೇಲಿನವರ ಕಣ್ಣಿಗೆ ಬೀಳುವ ತನಕ ಗೆಂಡೆಹಳ್ಳಿ ನಮಗೆಲ್ಲ ಮೂರು ಕಿಲೋಮೀಟರು ಹತ್ತಿರವಾಗಿತ್ತು.

ಹೆಂಡತಿ ಚಲುವಮ್ಮನಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿತ್ತು. ಹುಡುಕಿಕೊಂಡು ಬಂದವರಿಗೆ, "ಮನೇಲೇ ಅವ್ರೆ, ಆದ್ರೆ ಊರಲ್ಲಿಲ್ಲ, ಒಂದೀಟು ತಡೀರಿ," ಎಂದು ಹೇಳಿ ನಗುತ್ತಿದ್ದಳು.

ಅವನಿಗೆ ಒಂದು ಆಸೆಯಿತ್ತು. ಒಂದೇ ಒಂದು. ಬಸದಿಗೆ ಬರುವವರು ಉಳಿದುಕೊಳ್ಳಲೆಂದು ಜೈನರು ಒಂದು ಭವನ ಕಟ್ಟುತ್ತಿದ್ದರು. ಅದರ ಒಳಗೆ ಇಪ್ಪತ್ತು ಅಡಿ ಉದ್ದದ ಖಾಲಿ ಗೋಡೆ. ಅದರ ಮೇಲೆ ಹದಿನಾರು ಕನಸು ಬರೆಸುತ್ತಾರಂತೆ ಎಂಬ ಸುದ್ದಿ ಊರಲ್ಲಿತ್ತು. ತೀರ್ಥಂಕರ ಹುಟ್ಟುವ ಮುಂಚೆ ಅವನ ತಾಯಿ ಒಂದೇ ರಾತ್ರಿ ಕಂಡ ಕನಸುಗಳು ಅವು. ಬಸದಿಯ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ ವರ್ಷ, ಒಳಗೆ ಪುರಾಣ ಓದುತ್ತಿದ್ದಾಗ ಮರಿಯಣ್ಣ ಹೊರಗಿನಿಂದ ಅಷ್ಟನ್ನೂ ಕೇಳಿಸಿಕೊಂಡಿದ್ದ. ಬಿಳಿ ಆನೆ, ಎತ್ತು, ಸಿಂಹ, ಜೋಡಿ ಹೂಮಾಲೆ, ತುಂಬು ಚಂದ್ರ, ಈಜುವ ಎರಡು ಮೀನು, ತಾವರೆಯ ಕೊಳ... ಕೊನೆಯಲ್ಲಿ ಹೊಗೆಯಿಲ್ಲದ ಬೆಂಕಿ. ಆನೆಯನ್ನೇನೋ ಬರೆಯಬಹುದು. ಹೊಗೆಯಿಲ್ಲದ ಬೆಂಕಿಯನ್ನು ಹೇಗೆ ಬರೆಯುವುದು? ಉಣ್ಣುವಾಗ, ನಡೆಯುವಾಗ, ಲಾರಿಯ ಹಿಂದೆ ಕೂತು ನಂಬರು ತಿದ್ದುವಾಗ ಅವನಿಗೆ ಅದೇ ಯೋಚನೆ. ಬೇರೆ ಯಾರೋ ಬಂದು ಆ ಗೋಡೆ ಬರೆದುಬಿಟ್ಟರೆ ತನ್ನ ಬದುಕು ಬೋರ್ಡಿನಲ್ಲೇ ಮುಗಿಯಿತು ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಗೋಡೆ ಯಾರಿಗೆ ಎಂಬ ತೀರ್ಮಾನ ಶೀಲಾವತಮ್ಮನವರ ಕೈಯಲ್ಲಿತ್ತು. ಕೊಬ್ಬರಿ ವ್ಯಾಪಾರದ ಪುಷ್ಪದಂತಯ್ಯನವರ ಹೆಂಡತಿ, ಭವನಕ್ಕೆ ಜಾಗ ಕೊಟ್ಟ ಮನೆಯವರು. ಎಪ್ಪತ್ತೆಂಟರ ಮಾಘದಲ್ಲಿ ಅವರೇ ಮರಿಯಣ್ಣನನ್ನು ಕರೆಸಿದರು. ನಡುಮನೆಯಲ್ಲಿ ಆರು ಬೀಟೆ ಕುರ್ಚಿಗಳಿದ್ದವು. ಮರ ಇನ್ನೂ ಗಟ್ಟಿಮುಟ್ಟು, ಕೂರುವ ಜಾಗದ ಬಟ್ಟೆ ಮಾತ್ರ ಬಿಸಿಲಿಗೆ ಬಿಳಿಚಿಕೊಂಡು, ಹಿಂದೆ ಯಾವುದೋ ಬಳ್ಳಿ ಇತ್ತೇನೋ ಎಂಬಷ್ಟು ಮಾಸಿತ್ತು.

"ನಮ್ಮ ಹುಡುಗಿ ಪದ್ಮಲತನ್ನ ನೋಡೋಕೆ ಹಾಸನದಿಂದ ಬರ್ತಿದಾರೆ, ಹುಡುಗನ ಅಜ್ಜೀನೂ ಬರ್ತಾರೆ," ಎಂದರು ಶೀಲಾವತಮ್ಮ. "ಅರಸೀಕೆರೆಯಿಂದ ಕುಶನ್ ಮಾಡೋನು ಬಂದು ನೋಡಿದ. ಇದನ್ನ ಕಿತ್ತು ರೆಕ್ಸಿನ್ ಹಾಕ್ತೀನಿ ಅಂದ. ಅದು ಥೇಟ್ ಚರ್ಮದ ಹಾಗಿರುತ್ತೆ, ನನಗೆ ನೋಡೋಕೂ ಆಗಲ್ಲ. ಈ ಬಟ್ಟೆ ನಮ್ಮಪ್ಪ ನನ್ನ ಮದುವೇಲಿ ಹಾಕಿಸಿ ಕಳಿಸಿದ್ದು. ಕೀಳೋಕೆ ಮನಸ್ಸಿಲ್ಲ ಕಣೋ. ಇದರ ಮೇಲೇ ಬಣ್ಣ ಬರೆಯೋಕಾಗುತ್ತಾ?"

"ಆಯ್ತದೆ ಅಮ್ಮಾವ್ರೆ," ಎಂದ ಮರಿಯಣ್ಣ. ಆಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

"ಚೆನ್ನಾಗಿ ಬಂದರೆ ಭವನದ ಗೋಡೆಗೂ ನಿನ್ನ ಹೆಸರೇ ಹೇಳ್ತೀನಿ. ಆದರೆ ನೋಡು, ಪ್ರಾಣೀದು ಏನೂ ಸೇರಬಾರದು."

ಮರಿಯಣ್ಣ ಮನೆಗೆ ನಡೆದು ಬಂದನೋ ತೇಲಿ ಬಂದನೋ, ದೇವರಿಗೇ ಗೊತ್ತು.

ಬಟ್ಟೆಗೆ ಬಣ್ಣ ಹಿಡಿಸುವುದು ಹುಡುಗಾಟವಲ್ಲ. ಎಣ್ಣೆ ಬಣ್ಣ ಬಳಿದರೆ ಹಪ್ಪಳದ ಹಾಗೆ ಗಟ್ಟಿಯಾಗಿ, ಕೂತ ಕೂಡಲೇ ಬಿರಿಯುತ್ತದೆ. ಪುಡಿ ಬಣ್ಣ ಕಲೆಸಲು ಅವನು ಯಾವಾಗಲೂ ಹಾಕುತ್ತಿದ್ದದ್ದು ಮರವಜ್ರ. ಅದು ಚರ್ಮ, ಮೂಳೆ ಕುದಿಸಿ ಮಾಡುವ ಅಂಟು. ಈ ಮನೆಗೆ ಅದು ಸಲ್ಲದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಯೋಚಿಸಿ ಜಾಲಿಮರದ ಅಂಟು ನೆನೆಹಾಕಿದ. ಅದೂ ಒಣಗಿದ ಮೇಲೆ ಸೀಳು ಬಿಟ್ಟಿತು. ಏನಾದರೂ ಮೆತ್ತಗಿಡುವಂಥದ್ದು ಬೇಕು, ಜೊತೆಗೆ ಶುದ್ಧವಾದದ್ದು ಬೇಕು. ಅಟ್ಟದ ಮೇಲೆ ಚಲುವಮ್ಮನ ತಮ್ಮ ಅರೇಹಳ್ಳಿ ತೋಟದಿಂದ ತಂದುಕೊಟ್ಟಿದ್ದ ಜೇನಿನ ಬಾಟಲಿ ಕಂಡಿತು. ದೇವರ ತಲೆಯ ಮೇಲೇ ಸುರಿಯುವ ಜೇನು! ಇದಕ್ಕಿಂತ ಶುದ್ಧ ಯಾವುದಿದೆ ಎಂದುಕೊಂಡ.

"ಅಯ್ಯೋ ನಿನ್ನ ಮನೆ ಕಾಯ್ವಾಗ," ಎಂದು ಚಲುವಮ್ಮ ಹಣೆ ಚಚ್ಚಿಕೊಂಡಳು. "ನಾಲಿಗೆಗೆ ಸವ್ರಾಕೆ ಇಲ್ದಿರೋ ಜೇನು, ಕುರ್ಚಿ ಅಂಡಿಗೆ ಬಳೀತೀಯಲ್ಲಾ!"

"ಸುಮ್ಕಿರೇ. ಗೋಡೆ ಸಿಕ್ರೆ ಒಂದು ಕೊಡಪಾನ ಜೇನು ತಂದ್ಕೊಡ್ತೀನಿ."

ಮೊದಲು ಬಟ್ಟೆಯನ್ನು ಒದ್ದೆ ಮಾಡಿದ. ಜಾಲಿ ಅಂಟಿಗೆ ಜೇನು ಬೆರೆಸಿ ಕಲೆಸಿದ ಬಣ್ಣವನ್ನು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಕುಡಿಸಿದ. ನೆರಳಲ್ಲಿ ಒಣಗಿಸಿ, ಸವೆದ ಉಪ್ಪುಕಾಗದದಿಂದ ಹಗುರಾಗಿ ಸವರಿ, ಮತ್ತೆ ಕುಡಿಸಿದ. ಮೂರು ಸಲ. ಬಟ್ಟೆ ಬಟ್ಟೆಯಾಗಿಯೇ ಉಳಿಯಿತು, ಬಣ್ಣ ಮಾತ್ರ ಒಳಗಿನಿಂದ ಬಂದಂತೆ ಕಂಡಿತು. ಒಣಗಿದ ಮೇಲೆ ತನ್ನ ಬಿಳಿ ಪಂಚೆಯ ಚುಂಗು ಉಜ್ಜಿ ನೋಡಿದ, ಹತ್ತಲಿಲ್ಲ. ಆಮೇಲೆ ಬಳ್ಳಿ. ಮಾಸಿದ ಬಟ್ಟೆಯಲ್ಲಿ ಹಳೆಯ ಬಳ್ಳಿಯ ಜಾಡು ಅಲ್ಲಲ್ಲಿ ಉಳಿದಿತ್ತು. ಕುಂಚ ಹಿಡಿದು ಅದರ ಹಿಂದೆಯೇ ಹೊರಟ. ಎಲ್ಲಿ ಜಾಡು ತಪ್ಪಿತೋ ಅಲ್ಲಿ ಕಣ್ಣು ಮುಚ್ಚಿದ, ಮುಚ್ಚಿದ ಕಣ್ಣಲ್ಲಿ ಎಲೆ ಚಿಗುರಿತು. ಕೆರೆಯ ಏರಿಯ ಹಸಿರು, ಹುರಿದ ರಾಗಿಯ ಕೆಂಪು, ಮುಂಜಾನೆ ನೀರಿನ ಮೇಲೆ ನಿಲ್ಲುವ ಆ ಹೊಗೆಬಣ್ಣ. ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಒಂಬತ್ತು ದಿನ ಆ ಮನೆಯ ಹಿತ್ತಿಲ ಜಗಲಿಯಲ್ಲಿ ನೆಲದ ಮೇಲೆ ಕೂತು, ಬಳ್ಳಿಯೊಳಗೇ ಬದುಕಿದ. ತನ್ನ ಜನ್ಮದಲ್ಲಿ ಅಷ್ಟು ಸುಖವಾಗಿ ಅವನು ಎಂದೂ ಇರಲಿಲ್ಲ.

ಶೀಲಾವತಮ್ಮ ಬಂದು ಆರೂ ಕುರ್ಚಿಗಳನ್ನು ಒಂದೊಂದಾಗಿ ಸುತ್ತಿ ನೋಡಿದರು. "ನಮ್ಮಪ್ಪ ಕೊಟ್ಟಾಗ ಹೀಗೇ ಇತ್ತು ಮರಿಯಣ್ಣ," ಎಂದರು ಕೊನೆಗೆ. "ಪ್ರಾಣೀದು ಏನೂ ಇಲ್ಲ ತಾನೆ?"

"ನಿಮ್ಮ ಬಸದಿ ಆಣೆ, ಏನೂ ಇಲ್ಲ ಅಮ್ಮಾವ್ರೆ."

ಮರುದಿನ ಬೆಳಿಗ್ಗೆ ಹಾಸನದವರು ಬಂದರು. ಬರೆದವನು ಹತ್ತಿರ ಇರಲಿ ಎಂದು ಶೀಲಾವತಮ್ಮ ಮರಿಯಣ್ಣನನ್ನೂ ಕರೆಸಿದ್ದರು. ಅವನು ನಡುಮನೆಯ ಬಾಗಿಲ ಹೊರಗೆ ನಿಂತಿದ್ದ. ಹುಡುಗನ ಅಜ್ಜಿ ಶಾಂತಾದೇವಿ ವ್ರತ ಹಿಡಿದ ಹೆಂಗಸು. ಬಿಳಿ ಸೀರೆ, ಬರಿಗಾಲು. ಹುಳು ಹುಪ್ಪಟೆ ಕಾಲಡಿ ಸಿಗದಿರಲೆಂದು ನೆಲ ನೋಡಿ ನೋಡಿ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದರು. ಕುರ್ಚಿ ನೋಡಿದ್ದೇ ಮುಖ ಅರಳಿತು.

"ಆಹಾ! ಇದನ್ನ ಯಾರು ಬರೆದಿದ್ದು?" ಎಂದರು. ಕೂರಲು ಹೋದವರು ಹಾಗೇ ಬಗ್ಗಿ ನಿಂತರು.

ಬಳ್ಳಿಯ ಮೇಲೆ ಇರುವೆ. ಕಾಂಡದುದ್ದಕ್ಕೂ, ಎಲೆಯ ಅಂಚಿಗೆ, ಮೊಗ್ಗಿನ ಬಾಯಿಗೆ, ಸಾಲು ಸಾಲಾಗಿ. ಆರೂ ಕುರ್ಚಿಯ ಮೇಲೆ. ರಾತ್ರಿ ಹತ್ತಿದ್ದವು, ಬೆಳಗಿನ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೂತರೆ ಸಾಯುತ್ತವೆ, ಕೊಡವಿದರೂ ಸಾಯುತ್ತವೆ. ಮನೆಯವರು, ಬಂದವರು, ಎಲ್ಲ ನಿಂತಲ್ಲೇ ನಿಂತರು.

ಶಾಂತಾದೇವಿ ಬಾಗಿಲ ಕಡೆ ತಿರುಗಿದರು. "ನೀನೇ ಏನಪ್ಪಾ ಬರೆದಿದ್ದು? ಬಣ್ಣಕ್ಕೆ ಬೆಲ್ಲ ಹಾಕಿದೀಯಾ? ಬೆಲ್ಲ ಆದರೆ ಚಿಂತೆ ಇಲ್ಲ, ತಾವಾಗೇ ಹೋಗ್ತವೆ, ಆಮೇಲೆ ಕೂತರಾಯ್ತು. ಜೇನು ಅಲ್ಲ ತಾನೆ? ಜೇನು ನಮಗೆ ಮಾಂಸ ಇದ್ದ ಹಾಗೆ. ತಗಲಿದರೂ ನನ್ನ ವ್ರತ ಕೆಟ್ಟ ಹಾಗೆ."

ಮರವಜ್ರ ಬೇಡವೆಂದು ಎಚ್ಚರ ವಹಿಸಿದ ಮರಿಯಣ್ಣನಿಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಇವರ ಬಾಗಿಲಲ್ಲಿ ಕೆಲಸ ಮಾಡಿದ್ದ, ಇವರು ಜೇನು ಮುಟ್ಟುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಈಗ ಬೆಲ್ಲ ಎಂದರೆ ಸಾಕು. ಅದನ್ನೂ ಅನ್ನಬೇಕಿಲ್ಲ, ತಲೆ ಆಡಿಸಿದರೆ ಸಾಕು. ಭವನದ ಗೋಡೆ ಕಣ್ಣ ಮುಂದೆ ಬಂದು ನಿಂತಿತು. ಬಿಳಿ ಆನೆ ಸೊಂಡಿಲೆತ್ತಿತು, ತಾವರೆ ಬಿರಿದವು, ಹೊಗೆಯಿಲ್ಲದ ಬೆಂಕಿ ಮೊದಲ ಸಲ ಅವನಿಗೆ ಸರಿಯಾಗಿ ಕಂಡಿತು. ಹೀಗೆ ಬರೆಯಬೇಕು ಅದನ್ನು, ಹೀಗೇ, ಎಂದು ಕೈಬೆರಳು ತಾನಾಗಿ ಅಲುಗಿತು.

ಆಮೇಲೆ ಆ ಅಜ್ಜಿಯ ಬರಿಗಾಲು ಕಂಡಿತು. ಇರುವೆ ಸಾಯಬಾರದೆಂದು ತುದಿಬೆರಳಲ್ಲಿ ನಿಂತಿದ್ದ ಮುದಿ ಕಾಲು. ಇವರು ನನ್ನ ಮಾತು ನಂಬಿ ಕೂತುಬಿಡುತ್ತಾರೆ ಎಂದು ಹೊಳೆದಾಗ ಅವನಿಗೆ ತಡೆಯಲಾಗಲಿಲ್ಲ.

"ಜೇನು ಕಣವ್ವಾ," ಎಂದ. "ನಾನೇ ಕಲೆಸಿದ್ದು. ಗೊತ್ತಿರ್ಲಿಲ್ಲ, ತಪ್ಪಾಯ್ತು. ಕೂತ್ಕಬ್ಯಾಡಿ."

ಶೀಲಾವತಮ್ಮನವರ ಮುಖ ಕಪ್ಪಿಟ್ಟಿತು. "ಬಸದಿ ಆಣೆ ಅಂದ್ಯಲ್ಲೋ ಮರಿಯಣ್ಣ," ಎಂದರು, ಅಷ್ಟೇ.

ಕುರ್ಚಿಗಳನ್ನು ಒಂದು ಇರುವೆಯೂ ಬೀಳದಂತೆ ಎತ್ತಿ ಹಿತ್ತಿಲ ಹೊಂಗೆಮರದ ಕೆಳಗೆ ಇಟ್ಟರು. ನಡುಮನೆಯಲ್ಲಿ ಚಾಪೆ ಹಾಸಿದರು. ಹುಡುಗಿ ಒಪ್ಪಿಗೆಯಾದಳು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಬೀಗರು ಹೊರಟರು. ಮರಿಯಣ್ಣನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಅವನು ಅತ್ತುಬಿಟ್ಟ. ಚಲುವಮ್ಮ ಜೇನಿನ ಮಾತು ಎತ್ತದೆ, ತಲೆ ನೇವರಿಸುತ್ತ ಪಕ್ಕದಲ್ಲಿ ಕೂತಿದ್ದಳು.

ಆಮೇಲೆ ಅವನು ದಿನಾ ಬೆಳಿಗ್ಗೆ ಆ ಹಿತ್ತಿಲಿಗೆ ಹೋಗಿ ದೂರದಲ್ಲಿ ನಿಲ್ಲುತ್ತಿದ್ದ. ಯಾರೂ ಕರೆಯಲಿಲ್ಲ, ಯಾರೂ ಹೋಗೆನ್ನಲಿಲ್ಲ. ಇರುವೆಗಳು ಅವಸರವಿಲ್ಲದೆ ಬಳ್ಳಿಯನ್ನು ಹೊತ್ತು ಸಾಗಿಸುತ್ತಿದ್ದವು. ಮೊದಲು ಮೊಗ್ಗು ಹೋಯಿತು, ಆಮೇಲೆ ಎಲೆ. ಒಣಗಿದ ಹಸಿರಿನ ಒಂದು ಚೂರನ್ನು ಎಂಟು ಇರುವೆ ಸೇರಿ ಎಳೆಯುತ್ತಿದ್ದದ್ದನ್ನು ನೋಡುತ್ತ ಅವನು ದುಃಖವನ್ನೇ ಮರೆತು ನಿಂತುಬಿಡುತ್ತಿದ್ದ.

ಎಂಟನೆಯ ದಿನ ಕುರ್ಚಿಗಳ ಮೇಲೆ ಒಂದು ಇರುವೆಯೂ ಇರಲಿಲ್ಲ. ಬಟ್ಟೆ ಮತ್ತೆ ಮಾಸಲಾಗಿತ್ತು. ಶೀಲಾವತಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಅಷ್ಟು ದಿನದಲ್ಲಿ ಅವರು ಅವನೊಂದಿಗೆ ಮಾತಾಡಿದ್ದು ಅದೇ ಮೊದಲು.

"ಗೋಡೆ ಬಣ್ಣಕ್ಕೆ ಏನು ಕಲೆಸ್ತೀಯ?"

ಮರಿಯಣ್ಣನಿಗೆ ಅರ್ಥವಾಗಲಿಲ್ಲ. "ಯಾವ ಗೋಡೆ ಅಮ್ಮಾವ್ರೆ?"

"ಭವನದ್ದು ಕಣೋ. ಹಾಸನದಿಂದ ಅಜ್ಜಿ ಹೇಳಿ ಕಳಿಸಿದಾರೆ. ಆ ಬಣ್ಣದಲ್ಲಿ ಏನಿದೆ ಅಂತ ನಮಗೆ ಯಾರಿಗೂ ತಿಳಿಯಲ್ಲ, ಬರೆದವನ ಬಾಯನ್ನೇ ನಂಬಬೇಕು, ಅದಕ್ಕೆ ಅವನನ್ನ ಬಿಟ್ಟು ಬೇರೆಯವರ ಕೈಲಿ ಬರೆಸಬೇಡಿ ಅಂದಿದಾರೆ."

ಮರಿಯಣ್ಣ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡ.

"ಏನು ಕಲೆಸ್ಲಿ, ನೀವೇ ಹೇಳಿ ಅವ್ವಾ," ಎಂದ. "ಏನು ಆಯ್ತದೆ, ಏನು ಆಗಕ್ಕಿಲ್ಲ, ಎಲ್ಲಾನೂ ಹೇಳ್ಬುಡಿ."

ಶೀಲಾವತಮ್ಮ ಹೊಂಗೆಮರದ ಕಟ್ಟೆಯ ಮೇಲೆ ಕೂತು ಒಂದೊಂದಾಗಿ ಹೇಳತೊಡಗಿದರು.