ಅಕ್ಕ ಬರೆಸಿದ ಅರ್ಜಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಬೇಡಿ, ಶಿವಮೊಗ್ಗದ ನಮ್ಮ ಮನೆಯಲ್ಲಿ ಕೂತು ಅರ್ಜಿ ಬರೆದೆ. ಆಗ ಎಲ್ಲರೂ ಬರೆಯುತ್ತಿದ್ದಂತೆ, ಬಡವ, ತಂದೆಯಿಲ್ಲದವನು, ತಮ್ಮ ಪಾದವೇ ಗತಿ ಎಂದು ಪುಟ ತುಂಬಿಸಿದ್ದೆ. ಓದಿಸಿ ಕೇಳಿದ ಅಕ್ಕ ನಕ್ಕಳು.

"ಅಳೋರು ಬೇಕು ಅಂದಿದಾರೇನೋ ಮಾರಾಯ? ನಿನ್ನ ಕೈಗೆ ಏನು ಕೆಲಸ ಬರುತ್ತೋ ಅದನ್ನ ಬರಿ."

ಅಪ್ಪನ ಕುಲುಮೆಯಲ್ಲಿ ಎಂಟು ವರ್ಷ ದುಡಿದದ್ದು, ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸಬಲ್ಲೆನೆಂಬುದು, ಎಲ್ಲ ಸೇರಿ ನಾಲ್ಕೇ ಸಾಲಾಯಿತು. ಅಷ್ಟು ಚಿಕ್ಕ ಅರ್ಜಿ ಕೊಡಲು ನಾಚಿಕೆಯಾಯಿತು. ಆದರೂ ಕೊಟ್ಟೆ. ಅದನ್ನು ಓದಿದ ಕಾರ್ಖಾನೆಯ ಅಧಿಕಾರಿ, "ಕೂರಿಸಿ ತೋರಿಸು" ಎಂದರು. ತೋರಿಸಿದೆ, ಕೆಲಸ ಸಿಕ್ಕಿತು.

ಶಿಫಾರಸು ಯಾರದೆಂದು ಜೊತೆಯವರು ಕೇಳುತ್ತಿದ್ದರು. ಅಕ್ಷರ ಬಾರದ ನಮ್ಮಕ್ಕನದು ಎನ್ನುತ್ತಿದ್ದೆ. ಹೋದ ತಿಂಗಳು ಅಕ್ಕ ತೀರಿಕೊಂಡಳು. ಈಗಲೂ ಅದನ್ನೇ, ತುಸು ಗಟ್ಟಿಯಾಗಿ ಹೇಳುತ್ತೇನೆ.